ನಕ್ಷೆಯಲ್ಲಿದ್ದ ಮನೆ, ಕಾಡಲ್ಲಿ ಸಿಕ್ಕ ಗುಂಡಿ

ಮೆಟಲ್ ಡಿಟೆಕ್ಟರ್ ತಗೊಂಡ ಹೊಸದರಲ್ಲಿ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ನಿಧಿ ಹುಡುಕ್ತೀಯೇನೋ? ಪೊಲೀಸ್ರು ಹಿಡ್ಕೊಂಡು ಹೋಗ್ತಾರೆ ನೋಡು" ಅಂದರು. ಅವರ ಭಯ ಸುಮ್ನೆ ಅಲ್ಲ. ನಿಧಿ ಆಸೆಗೆ ಪಾಳು ಗುಡಿ ಅಗೆದವರ ಸುದ್ದಿ ನಮ್ಮ ಕಡೆ ಪೇಪರಿನಲ್ಲಿ ಆಗಾಗ ಬರುತ್ತದೆ. ನಾನು ಹುಡುಕುವುದು ಬೇರೆ. ಇಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗುಡ್ಡಗಳಲ್ಲಿ ರೈತರು ಬಿಟ್ಟುಹೋದ ಮನೆಗಳ ಸುತ್ತ ಬಿದ್ದಿರುವ ಚಿಲ್ಲರೆ, ಅಂಗಿ ಗುಂಡಿ, ಕುದುರೆ ಲಾಳ.

ಮೊದಲ ವರ್ಷ ಎಲ್ಲಿ ಹುಡುಕಬೇಕು ಅಂತಲೇ ಗೊತ್ತಿರಲಿಲ್ಲ. ಗೆಳೆಯರ ಹಿತ್ತಲು ಸುತ್ತಿ ಸೋಡಾ ಕ್ಯಾನಿನ ರಿಂಗು ಒಂದು ಡಬ್ಬಿ ತುಂಬಿಸಿದೆ, ಅಷ್ಟೇ. ದಾರಿ ತೋರಿಸಿದ್ದು ಹಳೇ ನಕ್ಷೆಗಳು.

ಅಮೆರಿಕದ ಸರ್ಕಾರಿ ಭೂಸಮೀಕ್ಷೆ ಸಂಸ್ಥೆ ಯುಎಸ್‌ಜಿಎಸ್ ತನ್ನ ಹಳೇ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ 'ಟೊಪೊವ್ಯೂ' ಎಂಬ ತಾಣದಲ್ಲಿ ಪುಕ್ಕಟೆ ಕೊಡುತ್ತದೆ. ಮ್ಯಾಸಚೂಸೆಟ್ಸ್‌ನ ಸಮೀಕ್ಷೆ ನಡೆದದ್ದು 1880ರ ದಶಕದಲ್ಲಿ. ಆ ನಕ್ಷೆಗಳ ಅಳತೆ 1:62,500, ಅಂದರೆ ಒಂದು ಇಂಚಿಗೆ ಹೆಚ್ಚುಕಡಿಮೆ ಒಂದು ಮೈಲಿ. ಊರಾಚೆಯ ಒಂಟಿ ಮನೆಗೂ ಒಂದು ಪುಟ್ಟ ಕಪ್ಪು ಚೌಕ ಇರುತ್ತದೆ. ನಂತರದ ನಕ್ಷೆಗಳಲ್ಲಿ ಚೌಕದ ಮೇಲೆ ಬಾವುಟ ಇದ್ದರೆ ಶಾಲೆ, ಶಿಲುಬೆ ಇದ್ದರೆ ಚರ್ಚು.

ಚೌಕ ಕಂಡಲ್ಲೆಲ್ಲ ಓಡಿದರೆ ಪ್ರಯೋಜನ ಇಲ್ಲ. ಇವತ್ತಿಗೂ ಮನೆ ಇರುವ ಜಾಗದಲ್ಲಿ ಪೈಪು, ಕೇಬಲ್ಲು, ಹುಲ್ಲುಹಾಸು ಅಂತ ಮಣ್ಣು ಹತ್ತು ಸಲ ಮಗುಚಿ ಹೋಗಿರುತ್ತದೆ. ನಾನು ಒಂದೇ ಊರಿನ ಎರಡು ನಕ್ಷೆ ಅಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಒಂದು 1880ರ ದಶಕದ್ದು, ಇನ್ನೊಂದು 1940ರ ದಶಕದ್ದು. ಮೊದಲಿನದರಲ್ಲಿ ಇದ್ದು ಎರಡನೆಯದರಲ್ಲಿ ಮಾಯವಾದ ಚೌಕ ಯಾವುದು? ಅದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು. ಈ ಗುಡ್ಡದ ಹೊಲಗಳಲ್ಲಿ ಮಣ್ಣಿಗಿಂತ ಕಲ್ಲೇ ಜಾಸ್ತಿ. ಜನ ಬೇಸತ್ತು ಪಶ್ಚಿಮದ ಕಡೆಗೋ ಪೇಟೆಯ ಗಿರಣಿಗೋ ಹೋದರು. ಹೊಲದ ಮೇಲೆ ಕಾಡು ಬೆಳೆಯಿತು. ಈಗ ದಟ್ಟ ಕಾಡಿನ ನಡುವೆ ಕಲ್ಲಿನ ಪಾಗಾರ ಸುಮ್ನೆ ಹಾದುಹೋಗುತ್ತಿರುತ್ತದೆ.

ಮೊದಲ ಜಾಗದಲ್ಲಿ ಮೋಸ ಹೋದೆ, ತಪ್ಪು ನನ್ನದೇ. ನಕ್ಷೆಯನ್ನು ಫೋನಿಗೆ ಹಾಕಿಕೊಂಡು ಜಿಪಿಎಸ್ ತೋರಿಸಿದ ಕಡೆ ನಿಂತು ನಾಲ್ಕು ಗಂಟೆ ಕಾಯಿಲ್, ಅಂದರೆ ಡಿಟೆಕ್ಟರಿನ ತುದಿಯ ದುಂಡು ತಟ್ಟೆ, ಆಡಿಸಿದೆ. ಸಿಕ್ಕಿದ್ದು ಮುಳ್ಳುತಂತಿ. ಮನೆಗೆ ಬಂದು ಲೆಕ್ಕ ಹಾಕಿದಾಗ ನಗು ಬಂತು. ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 62.5 ಮೀಟರ್! ಚೌಕ ಅರ್ಧ ಮಿಲಿಮೀಟರ್ ಇದ್ದರೂ ಮೂವತ್ತು ಮೀಟರ್ ಆಯಿತು. ಅಷ್ಟು ದೊಡ್ಡ ಮನೆ ಯಾವ ರೈತನಿಗಿತ್ತು? ಚೌಕ 'ಇಲ್ಲೆಲ್ಲೋ ಒಂದು ಮನೆಯಿದೆ' ಅನ್ನುವ ಗುರುತು ಅಷ್ಟೇ.

ಆಮೇಲಿಂದ ಚೌಕ ನಂಬುವುದು ಬಿಟ್ಟು ದಾರಿ ನಂಬಿದೆ. ರಸ್ತೆ ಎಲ್ಲಿ ತಿರುಗುತ್ತದೆ, ಹಳ್ಳ ಎಲ್ಲಿ ದಾಟುತ್ತದೆ, ಮನೆ ಯಾವ ಕೈಗೆ ಇತ್ತು. ಜೊತೆಗೆ ಲೈಡಾರ್ ಚಿತ್ರ, ಅಂದರೆ ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆದು ಮಾಡಿದ ಚಿತ್ರ ನೋಡುತ್ತೇನೆ. ಅದರಲ್ಲಿ ಮರಗಳನ್ನು ತೆಗೆದು ಬರೀ ನೆಲ ತೋರಿಸುವುದರಿಂದ ಪಾಗಾರ, ಹಳೇ ಗಾಡಿದಾರಿ, ನೆಲಮಾಳಿಗೆಯ ಕುಳಿ ಎದ್ದು ಕಾಣುತ್ತವೆ.

ಎರಡನೇ ಜಾಗ ಒಂದು ಖಾಸಗಿ ಕಾಡು. ಮಾಲೀಕರು ಎಂಬತ್ತು ದಾಟಿದ ಅಜ್ಜ. ಡಿಟೆಕ್ಟರ್ ಕಾರಲ್ಲೇ ಬಿಟ್ಟು ನಕ್ಷೆಯ ಪ್ರಿಂಟ್ ಹಿಡಿದು ಬಾಗಿಲು ತಟ್ಟಿದೆ. ಅವರು ಕನ್ನಡಕ ಹಾಕಿಕೊಂಡು ಐದು ನಿಮಿಷ ನಕ್ಷೆಯನ್ನೇ ನೋಡಿದರು. ಆಮೇಲೆ ಅನುಮತಿ ಕೇಳುವ ಅಗತ್ಯವೇ ಬೀಳಲಿಲ್ಲ, ಅವರೇ ಕೋಟು ಹಾಕಿಕೊಂಡು ಹೊರಟರು. ಅಂದಹಾಗೆ, ಇಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತತ್ವದ ವಸ್ತುವನ್ನು ಪರವಾನಗಿ ಇಲ್ಲದೆ ಅಗೆದು ತೆಗೆಯುವುದು 1979ರ ಕಾಯ್ದೆ ಪ್ರಕಾರ ಅಪರಾಧ. ನಾನು ಖಾಸಗಿ ಜಾಗ ಬಿಟ್ಟು ಬೇರೆಲ್ಲೂ ಅಗೆಯುವುದಿಲ್ಲ.

ಹಳ್ಳ ದಾಟಿ ಎಡಕ್ಕೆ ಹತ್ತಿದರೆ ಕಾಡಿನ ಮಧ್ಯೆ ಲೈಲಾಕ್ ಗಿಡ, ಮೈತುಂಬ ಹೂ. ಮೇ ತಿಂಗಳು. ಲೈಲಾಕ್ ಇಲ್ಲಿನ ಕಾಡಿನ ಗಿಡ ಅಲ್ಲ, ಯಾರೋ ಬಾಗಿಲ ಹತ್ತಿರ ನೆಟ್ಟದ್ದು. ನಮ್ಮ ಮಲೆನಾಡಿನಲ್ಲಿ ಪಾಳುಬಿದ್ದ ಮನೆಯ ಜಾಗವನ್ನು ದಾಸವಾಳ, ತುಳಸಿಕಟ್ಟೆ ಹೇಳುವುದಿಲ್ವಾ, ಹಾಗೇ. ಹತ್ತು ಹೆಜ್ಜೆ ಆಚೆ ಕಲ್ಲು ಕಟ್ಟಿದ ಕುಳಿ. ಹಾಳು ಬಾವಿಯೂ ಇರುತ್ತದೆ ಅಂತ ಕೋಲಿನಿಂದ ನೆಲ ಕುಟ್ಟಿಕೊಂಡೇ ನಡೆದೆ.

ಕುಳಿಯೊಳಗೆ ಬರೀ ಮೊಳೆ, ಡಿಟೆಕ್ಟರ್ ಕಿರುಚುತ್ತಲೇ ಇತ್ತು. ಅದು ಬಿಟ್ಟು ಬಾಗಿಲಿನಿಂದ ಬಾವಿಗೆ ನಡೆದಾಡುತ್ತಿದ್ದ ಜಾಗದಲ್ಲಿ ಚಿಕ್ಕ ಕಾಯಿಲ್ ಹಾಕಿ ನಿಧಾನ ಆಡಿಸಿದೆ. ಒಂದು ಗುಂಡಿ ತೋಡಿದೆ, ಹಿತ್ತಾಳೆಯ ಅಂಗಿ ಗುಂಡಿಯೇ ಸಿಕ್ಕಿತು! ಇನ್ನೊಂದರಲ್ಲಿ ಗೇಣು ಆಳಕ್ಕೆ ಹಸಿರುಗಟ್ಟಿದ ಬಿಲ್ಲೆ. ಉಜ್ಜಬಾರದು, ಉಜ್ಜಿದರೆ ಅಕ್ಷರ ಹೋಗುತ್ತದೆ. ನೀರು ಹನಿಸಿ ಬಿಸಿಲಿಗೆ ಓರೆ ಹಿಡಿದಾಗ ಮೊದಲು ಗರಿಗಳ ಕಿರೀಟ, ಆಮೇಲೆ ಕೆಳಗೆ 1887. ಇಂಡಿಯನ್ ಹೆಡ್ ಸೆಂಟ್, ಅಮೆರಿಕದ ಹಳೇ ಒಂದು ಸೆಂಟಿನ ನಾಣ್ಯ. ಮಾರಿದರೆ ಊಟದ ಖರ್ಚೂ ಹುಟ್ಟಲ್ಲ. ಆದರೆ ನನ್ನ ಕೈ ನಡುಗುತ್ತಿತ್ತು.

ಸಂಜೆ ಬಟ್ಟೆಯಿಂದ ಮೂರು ಉಣುಗು ಕಿತ್ತೆ. ಮಂಗನ ಕಾಯಿಲೆ ಹೆಸರು ಕೇಳಿಕೊಂಡೇ ಬೆಳೆದವನಿಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿ ಅದರಿಂದ ಲೈಮ್ ಕಾಯಿಲೆ ಬರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸದೆ ಕಾಡಿಗೆ ಇಳಿಯಬೇಡಿ.

ಸಿಕ್ಕಿದ್ದನ್ನೆಲ್ಲ ಅಜ್ಜನ ಮೇಜಿನ ಮೇಲೆ ಹರವಿದೆ. ನಾಣ್ಯ ನನ್ನ ಕಡೆಗೇ ತಳ್ಳಿ, ಗುಂಡಿಯನ್ನು ಜೇಬಿಗೆ ಹಾಕಿಕೊಂಡರು. ಹೊರಡುವಾಗ ನಕ್ಷೆಯನ್ನು ಮತ್ತೆ ಬಿಡಿಸಿ, ಗುಡ್ಡದಾಚೆ ಇನ್ನೊಂದು ಕಪ್ಪು ಚೌಕದ ಮೇಲೆ ಬೆರಳಿಟ್ಟು, "ಇಲ್ಲಿ ಯಾರಿದ್ದರು ಅಂತ ನನಗೂ ಗೊತ್ತಿಲ್ಲ, ಶನಿವಾರ ಬಾ" ಅಂದರು.