ಸೊನ್ನೆ ಎಲ್ಲಿದೆ? ರೆವಿಟ್‌ನಲ್ಲಿ ಲೆವೆಲ್ ಗುರುತು ಹಾಕುವ ಕ್ರಮ

ಮನೆ ಕಟ್ಟುವ ಜಾಗದಲ್ಲಿ ಮೇಸ್ತ್ರಿ ಲೆವೆಲ್ ಟ್ಯೂಬಿಗೆ ನೀರು ತುಂಬಿ ಕಂಬದಿಂದ ಕಂಬಕ್ಕೆ ಒಂದೇ ಮಟ್ಟ ಗುರುತು ಹಾಕುತ್ತಾರೆ. ಆಮೇಲೆ ಕಿಟಕಿ, ಲಿಂಟಲ್, ಸಜ್ಜಾ ಎಲ್ಲದರ ಅಳತೆಯೂ ಆ ಗುರುತಿನಿಂದಲೇ. ಕಟ್ಟಡದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ತಂತ್ರಾಂಶವಾದ ರೆವಿಟ್‌ನಲ್ಲಿ ಆ ಕೆಲಸ ಮಾಡುವುದು ‘ಲೆವೆಲ್’ ಎಂಬ ಗೆರೆ. ಗೋಡೆ ಎಳೆಯುವ ಆತುರದಲ್ಲಿ ಇದನ್ನು ಮುಂದೂಡಬೇಡಿ.

ಮೊದಲು ಸೊನ್ನೆ ಎಲ್ಲಿ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ನಾನು ಆರಿಸುವುದು ಗ್ರಾನೈಟ್ ಹಾಕಿ ಮುಗಿದ ನೆಲಮಹಡಿಯ ಮಟ್ಟವನ್ನು. ಪ್ಲಿಂತ್ (ಹೊರಗಿನ ನೆಲದಿಂದ ಮನೆಯ ನೆಲದವರೆಗಿನ ಎತ್ತರ) 450 ಮಿ.ಮೀ. ಇದ್ದರೆ ಸುತ್ತಲಿನ ನೆಲ −450. ರಸ್ತೆಯನ್ನು ಸೊನ್ನೆ ಮಾಡಿಕೊಳ್ಳಬೇಡಿ. ಡಾಂಬರು ಹಾಕಿದಾಗೆಲ್ಲ ಅದು ಏರುತ್ತಲೇ ಇರುತ್ತದೆ.

ಈಗ ಯಾವುದಾದರೂ ಎಲಿವೇಶನ್ (ಕಟ್ಟಡದ ಎದುರು ನೋಟ) ಅಥವಾ ಸೆಕ್ಷನ್ (ಸೀಳು ನೋಟ) ವ್ಯೂ ತೆರೆಯಿರಿ. ಮೇಲಿನಿಂದ ನೋಡುವ ಪ್ಲಾನ್‌ನಲ್ಲಿ ಲೆವೆಲ್ ಎಳೆಯಲು ಬರುವುದಿಲ್ಲ. ಟೆಂಪ್ಲೇಟ್‌ನಲ್ಲಿ ಮೊದಲೇ ಇರುವ ‘ಲೆವೆಲ್ 1’ರ ಹೆಸರಿನ ಮೇಲೆ ಒತ್ತಿ ‘ನೆಲಮಹಡಿ ಎಫ್‌ಎಫ್‌ಎಲ್’ (ಎಫ್‌ಎಫ್‌ಎಲ್ ಎಂದರೆ ಮುಗಿದ ನೆಲದ ಮಟ್ಟ) ಎಂದು ಬದಲಿಸಿ. ಪ್ಲಾನ್ ವ್ಯೂಗಳ ಹೆಸರನ್ನೂ ಬದಲಿಸಲೇ ಎಂದು ಕೇಳಿದರೆ ಒಪ್ಪಿಕೊಳ್ಳಿ. ಹೊಸ ಲೆವೆಲ್‌ಗೆ ಕೀಬೋರ್ಡಿನಲ್ಲಿ ಎಲ್ ಎಲ್ ಒತ್ತಿ ಗೆರೆ ಎಳೆದು, ಗುರುತಿನ ಪಕ್ಕದ ಅಂಕಿಯನ್ನು ತಿದ್ದಿದರಾಯಿತು. ಕಾಪಿ ಮಾಡಿದ ಲೆವೆಲ್‌ಗೆ ಮಾತ್ರ ಪ್ಲಾನ್ ವ್ಯೂ ತಾನಾಗಿ ಹುಟ್ಟುವುದಿಲ್ಲ. ಅದರ ತಲೆ (ಗೆರೆಯ ತುದಿಯ ಗುರುತು) ನೀಲಿಯಾಗದೆ ಕಪ್ಪಾಗಿಯೇ ಉಳಿಯುತ್ತದೆ.

ಹೆಚ್ಚು ಜನ ಎಡವುವುದು ಮುಂದಿನ ಹಂತದಲ್ಲಿ. ಮುಗಿದ ನೆಲದ ಮಟ್ಟ ಬೇರೆ, ಸ್ಲ್ಯಾಬಿನ ಮೇಲ್ಮೈ ಬೇರೆ. ಎರಡಕ್ಕೂ ಪ್ರತ್ಯೇಕ ಲೆವೆಲ್ ಕೊಡಿ. ಸ್ಲ್ಯಾಬಿನದಕ್ಕೆ ಪ್ಲಾನ್ ಬೇಕಿಲ್ಲ, ಆಪ್ಷನ್ಸ್ ಬಾರ್‌ನಲ್ಲಿ ‘ಮೇಕ್ ಪ್ಲಾನ್ ವ್ಯೂ’ ಟಿಕ್ ತೆಗೆಯಿರಿ. ಎರಡನ್ನೂ ಒಂದೇ ಗೆರೆಯಲ್ಲಿ ತೋರಿಸಿದರೆ ಏನಾಗುತ್ತದೆ ನೋಡಿ: 150 ಮಿ.ಮೀ. ಎತ್ತರದ ಸಮನಾದ ಮೆಟ್ಟಿಲುಗಳನ್ನು ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಎರಕ ಹೊಯ್ದರು ಎನ್ನಿ. ಆಮೇಲೆ ಕೆಳಗೂ ಮೇಲೂ ಹಾಲ್‌ನಲ್ಲಿ ಗಾರೆ, ಗ್ರಾನೈಟ್ ಸೇರಿ 50 ಮಿ.ಮೀ. ಏರಿತು, ಮೆಟ್ಟಿಲ ಮೇಲೆ ಬಂದದ್ದು 20 ಮಾತ್ರ. ಕೆಳಗಿನ ಮೊದಲ ಮೆಟ್ಟಿಲು 120, ಮೇಲಿನ ಕೊನೆಯದು 180. ಪ್ರತಿದಿನ ಹತ್ತಿಳಿಯುವ ಅಜ್ಜಿಯ ಕಾಲಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ, ಒಡೆದು ಕಟ್ಟದೆ ಅದು ಸರಿಹೋಗದು.

ಸಮುದ್ರಮಟ್ಟದ ಲೆಕ್ಕ ಬೇಕಾದವರಿಗೆ ಒಂದು ಮಾತು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಸರ್ವೆ ನಕ್ಷೆಯಲ್ಲಿ 918.300 ಎಂದಿದ್ದರೂ ಲೆವೆಲನ್ನು ಅಷ್ಟು ಮೇಲಕ್ಕೆ ಎಳೆಯಬೇಡಿ. ಮ್ಯಾನೇಜ್ ಟ್ಯಾಬ್‌ನ ಕೋಆರ್ಡಿನೇಟ್ಸ್‌ನಲ್ಲಿ ‘ಸ್ಪೆಸಿಫೈ ಕೋಆರ್ಡಿನೇಟ್ಸ್ ಅಟ್ ಪಾಯಿಂಟ್’ ಆರಿಸಿ ಆ ಎತ್ತರ ಕೊಡಿ. ಬಳಿಕ ಲೆವೆಲ್‌ನ ಟೈಪ್ ಪ್ರಾಪರ್ಟೀಸ್‌ನಲ್ಲಿ ‘ಎಲಿವೇಶನ್ ಬೇಸ್’ ಅನ್ನು ಸರ್ವೆ ಪಾಯಿಂಟ್‌ಗೆ ಬದಲಿಸಿದರೆ ಸಮುದ್ರಮಟ್ಟದ ಅಂಕಿ, ಪ್ರಾಜೆಕ್ಟ್ ಬೇಸ್ ಪಾಯಿಂಟ್‌ಗೆ ತಂದರೆ ನಿಮ್ಮ ಸೊನ್ನೆಯಿಂದ ಅಂಕಿ. ಸೈಟಿಗೆ ಹೋಗುವ ಹಾಳೆಯಲ್ಲಿ ಎರಡನೆಯದೇ ಇರಲಿ, ಮೇಸ್ತ್ರಿಗೆ ಬೇಕಾದದ್ದು ಅದು.

ಬಾತ್‌ರೂಮಿನ ತಗ್ಗು, ಪ್ಯಾರಪೆಟ್, ಸಜ್ಜಾಗಳಿಗೆ ಬೇರೆ ಲೆವೆಲ್ ಬೇಡ. ಇ ಎಲ್ ಒತ್ತಿ, ಆ ಜಾಗದ ಎತ್ತರ ತೋರಿಸುವ ‘ಸ್ಪಾಟ್ ಎಲಿವೇಶನ್’ ಇಡಿ. ಪ್ಲಾನ್ ವೈರ್‌ಫ್ರೇಮ್‌ನಲ್ಲಿದ್ದರೆ (ಮೇಲ್ಮೈ ಇಲ್ಲದೆ ಬರೀ ಗೆರೆಗಳು ಕಾಣುವ ನೋಟ) ಅದು ಕೂರುವುದಿಲ್ಲ, ಮರೆಯ ಗೆರೆಗಳನ್ನು ಅಡಗಿಸುವ ಹಿಡನ್ ಲೈನ್‌ಗೆ ಬದಲಿಸಿಕೊಳ್ಳಿ. ಈ ಅಂಕಿ ಮಾಡೆಲ್‌ನಿಂದಲೇ ಬರುವುದರಿಂದ ನೆಲ ತಗ್ಗಿಸಿದರೆ ಅದೂ ತಗ್ಗುತ್ತದೆ. ಟೆಕ್ಸ್ಟ್ ಆಗಿ ಟೈಪ್ ಮಾಡಿದ್ದು ಹಳೆಯದೇ ಆಗಿ ಉಳಿದು ಹಾಗೆಯೇ ಸೈಟಿಗೆ ಹೋಗುತ್ತದೆ.