ಬೆಳಗಾವ್ಯಾಗ ಓದೋರಿಗೆ: ಕೌನ್ಸೆಲರ್ ಹತ್ರ ಹೋಗಿ ಮೊದ್ಲ ಏನ್ ಹೇಳೂದು

ಸೆಮ್ ಎಕ್ಸಾಮ್ ಟೈಮ್‌ಟೇಬಲ್ ಬಿಟ್ಟ ಕೂಡ್ಲೆ ಜೂನಿಯರ್ಸ್ ಮೆಸೇಜ್ ಶುರು ಆಗ್ತಾವ. ಅಣ್ಣಾ ಓದಾಕ ಕುಂತ್ರ ತಲಿಗೆ ಏನೂ ಹೋಗವಲ್ದು, ಅಣ್ಣಾ ರಾತ್ರಿ ಮೂರಕ್ಕ ಎಚ್ಚರ ಆಗ್ತೈತಿ ಆಮ್ಯಾಲ ನಿದ್ದಿನ ಇಲ್ಲ, ಹಿಂಗ. ಕೌನ್ಸೆಲರ್ ಹತ್ರ ಹೋಗೋ ಮಾರಾಯಾ ಅಂದ್ರ ಉತ್ತರ ಒಂದ: "ನನಗೇನ್ ಹುಚ್ಚ ಹಿಡದೈತೇನ?" ನಮ್ ಕಡೆ ಯಾರರ ಸ್ವಲ್ಪ ತಿರಗಾಮುರಗಾ ಮಾತಾಡಿದ್ರ ಧಾರವಾಡದ ಹುಚ್ಚಾಸ್ಪತ್ರಿಗೆ ಕಳಸ್ರಿ ಇವ್ನ್ನ ಅಂತ ಚಾಷ್ಟಿ ಮಾಡಿ ಮಾಡಿ ಎಲ್ಲಾರೂ ಅದನ್ನ ತಲ್ಯಾಗ ಇಟ್ಕೊಂಡೇವಿ, ನಾನೂ ಇಟ್ಕೊಂಡಿದ್ದೆ.

ನಂದು ಮುಧೋಳ ಕಡೆ ಹಳ್ಳಿ. ಥರ್ಡ್ ಸೆಮ್‌ನ್ಯಾಗ ಎರಡು ಬ್ಯಾಕ್‌ಲಾಗ್ ಬಿದ್ದಾಗ ಮನಿಗೆ ಹೇಳ್ಲಿಲ್ಲ, ಊಟ ಸೇರ್ತಿದ್ದಿಲ್ಲ, ಫೋನ್ ಬಂದ್ರ ಎದಿ ಡವಡವ ಅಂತಿತ್ತು. ಕಾಲೇಜಿನ್ಯಾಗ ಕೌನ್ಸೆಲಿಂಗ್ ಸೆಲ್ ಅಂತ ಬೋರ್ಡ್ ಇದ್ದ ರೂಮಿಗೆ ಧೈರ್ಯ ಮಾಡಿ ಹೋದ್ರ ಒಳಗ ಹಳೆ ಆನ್ಸರ್ ಪೇಪರ್ ಗಂಟು ಇಟ್ಟಿದ್ರು! ಪ್ಯೂನ್ ಕಾಕಾ ಏನ್ ಬೇಕಪಾ ಅಂದ್ರು, ಏನಿಲ್ಲ ಅಂದು ಹೊಳ್ಳಿ ಬಂದೆ. ಆಮ್ಯಾಲ ಎರಡು ತಿಂಗಳ ಯಾರಿಗೂ ಹೇಳ್ಲಿಲ್ಲ. ನೀವು ಆ ಎರಡು ತಿಂಗಳ ಹಾಳು ಮಾಡ್ಕೋಬ್ಯಾಡ್ರಿ ಅಂತ ಇದನ್ನ ಬರಿಯಾಕತ್ತೀನಿ.

ಮೊದ್ಲ ಮಾತು ಏನ್ ಆಡೂದು ಅನ್ನೂದ ದೊಡ್ಡ ಗುಡ್ಡ. ನನಗ ಡಿಪ್ರೆಶನ್ ಐತಿ, ಆಂಗ್ಸೈಟಿ ಐತಿ ಅಂತ ರೀಲ್ಸ್ ನೋಡಿ ಹೆಸರು ಇಟ್ಕೊಂಡು ಹೋಗಬೇಕಾಗಿಲ್ಲ, ಹೆಸರು ಇಡೂದು ಅವ್ರ ಕೆಲಸ. ನೀವು ಮೈ ಸುದ್ದಿ ಹೇಳ್ರಿ. "ಸರ್, ಇಪ್ಪತ್ತು ದಿನ ಆತು ನಿದ್ದಿ ಸರಿ ಬರವಲ್ದು, ರೊಟ್ಟಿ ಮುಂದ ಇಟ್ರೂ ತಿನ್ನಂಗ ಆಗವಲ್ದು, ಕ್ಲಾಸಿಗೆ ಹೋಗಾಕ ಮನಸಿಲ್ಲ." ಇಷ್ಟ ಸಾಕು. ಯಾವಾಗಿಂದ, ದಿನಾ ಆಗ್ತೈತೋ ಎಕ್ಸಾಮ್ ಬಂದಾಗ ಅಷ್ಟ ಆಗ್ತೈತೋ, ಮನ್ಯಾಗ ಏನರ ನಡದೈತೇನು, ಇದನ್ನ ಅವ್ರ ಕೇಳ್ತಾರ. ಬಾಯಿ ಬರಂಗಿಲ್ಲ ಅಂದ್ರ ಮೊಬೈಲ್ ನೋಟ್ಸ್‌ನ್ಯಾಗ ನಾಕು ಸಾಲು ಟೈಪ್ ಮಾಡ್ಕೊಂಡು ಹೋಗಿ ತೋರಸ್ರಿ, ನಾ ಹಂಗ ಮಾಡಿದ್ದು. ಅಳು ಬಂದ್ರ ಅತ್ತುಬಿಡ್ರಿ, ಅವ್ರಿಗೆ ಅದೇನ್ ಹೊಸದಲ್ಲ.

ಯಾರ ಹತ್ರ ಅಂದ್ರ, ಮೊದ್ಲ ಕಾಲೇಜಿನ್ಯಾಗ ನೋಡ್ರಿ. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಸಲುವಾಗಿ ಭಾಳಷ್ಟು ಕಾಲೇಜಿನ್ಯಾಗ ಮೆಂಟರ್-ಮೆಂಟಿ ಅಂತ, ಅಂದ್ರ ಕೆಲವು ಹುಡುಗ್ರನ್ನ ನೋಡ್ಕೊಳ್ಳಾಕ ಒಬ್ಬ ಮಾಸ್ತರ್ ಅಂತ ಮಾಡ್ಯಾರ, ನೀವು ಸೆಮ್‌ಗೊಮ್ಮೆ ಸೈನ್ ಮಾಡಿ ಮರತಬಿಡ್ತೀರಲ್ಲ ಆ ಫಾರ್ಮ್, ಅದರಾಗ ನಿಮ್ಮ ಮೆಂಟರ್ ಹೆಸರು ಇರ್ತೈತಿ. ಅವ್ರು ಒಳ್ಳೇವ್ರಾದ್ರ ಅರ್ಧ ಕೆಲಸ ಆತು. ಆಗಿಬರಂಗಿಲ್ಲ ಅಂದ್ರ ನಿಮಗ ಸಲುಗಿ ಇರೋ ಬ್ಯಾರೆ ಮೇಡಂ, ಲೈಬ್ರರಿಯನ್ ಸರ್, ಹಾಸ್ಟೆಲ್ ವಾರ್ಡನ್ ಯಾರಾದ್ರೂ ನಡೀತೈತಿ. ಇನ್ನೊಂದು ತಿಳ್ಕೊಂಡಿರ್ರಿ, 2025ರ ಜುಲೈನ್ಯಾಗ ಸುಪ್ರೀಂ ಕೋರ್ಟ್ ಹೇಳೈತಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳು ಇರೋ ಶಿಕ್ಷಣ ಸಂಸ್ಥೆ ಒಬ್ಬರಾದ್ರೂ ಕಲ್ತ ಕೌನ್ಸೆಲರ್ ಇಲ್ಲಾ ಸೈಕಾಲಜಿಸ್ಟ್ ಇಟ್ಕೋಬೇಕು ಅಂತ. ನಿಮ್ಮಲ್ಲಿ ಇಲ್ಲಂದ್ರ ನಾಕು ಮಂದಿ ಸೇರಿ ಪ್ರಿನ್ಸಿಪಾಲ್‌ಗೆ ಅರ್ಜಿ ಕೊಡ್ರಿ, ಒಬ್ಬನ ಹೋದ್ರ ಇವನ ದೊಡ್ಡ ಹೀರೋ ಅಂತ ಅವನ್ನ ಗುರಿ ಮಾಡ್ತಾರ.

ಕಾಲೇಜಿನ್ಯಾಗ ಯಾರಿಗೂ ಗೊತ್ತಾಗೂದು ಬ್ಯಾಡ ಅನ್ನೋರಿಗೆ ಟೆಲಿ ಮಾನಸ್, 14416. ಇದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ಕ್ಕ ಚಾಲೂ ಆಗಿದ್ದು, ಹಗಲು ರಾತ್ರಿ ನಡೀತೈತಿ, ರೊಕ್ಕ ಇಲ್ಲ. ಫೋನ್ ಹಚ್ಚಿದ್ರ ಮೊದ್ಲ ಭಾಷಾ ಕೇಳ್ತೈತಿ, ಕನ್ನಡ ಐತಿ, ನಮ್ ಬೆಳಗಾವಿ ಹುಡುಗ್ರಿಗೆ ಬೇಕಂದ್ರ ಮರಾಠಿನೂ ಐತಿ. ಮಾತಾಡೋರು ಟ್ರೇನಿಂಗ್ ಆದ ಕೌನ್ಸೆಲರ್, ಹೆಚ್ಚಿಂದು ಬೇಕನಿಸಿದ್ರ ಡಾಕ್ಟರ್ ಕಡೆ ದಾಟಸ್ತಾರ. ಹಾಸ್ಟೆಲ್ ರೂಮಿನ್ಯಾಗ ನಾಕು ಮಂದಿ ಇರ್ತಾರ ಹೆಂಗ ಮಾತಾಡೂದು ಅಂದ್ರ ಟೆರೇಸ್ ಬ್ಯಾಡ, ಕೆಳಗ ಗೇಟ್ ಹತ್ರ, ಇಲ್ಲಾ ಕ್ವಾಟಿ ಕೆರಿ ದಂಡಿಗೆ ವಾಕಿಂಗ್ ಹೋದಂಗ ಮಾಡಿ ಹಗಲ ಹೊತ್ತಿನ್ಯಾಗ ಮಾತಾಡ್ರಿ.

ಫೋನಿನ್ಯಾಗ ಮುಗಿಯೂದಿಲ್ಲ ಅಂದ್ರ ಬಿಮ್ಸ್‌ಗೆ ಹೋಗ್ರಿ, ನಾವು ಸಿವಿಲ್ ಹಾಸ್ಪಿಟಲ್ ಅಂತೀವಲ್ಲ ಅದ. ಓಪಿಡಿ ಚೀಟಿ ಮಾಡಿಸೋ ಕೌಂಟರ್‌ದಾಗ "ಮಾನಸಿಕ ವಿಭಾಗ" ಅಂತ ಜೋರಾಗಿ ಹೇಳಾಕ ನಾಚಿಕಿ ಬಂದ್ರ "ಸೈಕಿಯಾಟ್ರಿ" ಅನ್ರಿ, ಹಿಂದ ನಿಂತೋರು ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ, ಅವ್ರಿಗೆ ತಮ್ಮ ಪಾಳಿ ಯಾವಾಗ ಅನ್ನೂದಷ್ಟ. ಊರಿಂದ ಓಡಾಡೋರು ತಾಲೂಕು ಆಸ್ಪತ್ರ್ಯಾಗ ಕೇಳ್ರಿ, ಮನೋಚೈತನ್ಯ ಅನ್ನೋ ಕಾರ್ಯಕ್ರಮದಾಗ ಮನೋವೈದ್ಯರು ಮಂಗಳವಾರ ತಾಲೂಕಿಗೆ ಬರೂದು ಐತಿ, ಯಾವ ವಾರ ಅಂತ ಮುಂಚೆ ಫೋನ್ ಮಾಡಿ ತಿಳ್ಕೊಂಡು ಹೋಗ್ರಿ. ಬಾಗಲಕೋಟಿ, ವಿಜಯಪುರದವರಿಗೆ ಅಲ್ಲಿಯ ಜಿಲ್ಲಾ ಆಸ್ಪತ್ರಿನ ಹತ್ರ. ಇನ್ನ ಆ ಚಾಷ್ಟಿ ಮಾಡೋ ಧಾರವಾಡದ ಡಿಮ್ಹಾನ್ಸ್, ಅದು 1845ರಿಂದ ಇರೋ ಮಾನಸಿಕ ಆಸ್ಪತ್ರಿ, ಎಕ್ಸಾಮ್ ಟೆನ್ಶನ್ ಇರೋ ಹುಡುಗ್ರೂ ಓಪಿಡಿಗೆ ಬಂದು ಸಂಜಿ ಬಸ್ಸಿಗೆ ಹೊಳ್ಳಿ ಹೋಗ್ತಾರ, ಯಾರೂ ಹಿಡದು ಒಳಗ ಹಾಕಂಗಿಲ್ಲ.

ಕೌನ್ಸೆಲರ್, ಸೈಕಾಲಜಿಸ್ಟ್ ಗುಳಿಗಿ ಬರಿಯಂಗಿಲ್ಲ, ಮಾತಾಡ್ತಾರ. ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಮ್ಯಾಲ ಓದಿದ ಡಾಕ್ಟರ್, ಬೇಕಾದ್ರ ಗುಳಿಗಿ ಕೊಡ್ತಾರ. ಈ ಗುಳಿಗಿ ಭಾಳಷ್ಟು ಎರಡು-ಮೂರು ವಾರ ಆದ್ಮ್ಯಾಲ ಕೆಲಸ ಶುರು ಮಾಡ್ತಾವ, ನಾಕು ದಿನಕ್ಕ ಏನೂ ಆಗ್ಲಿಲ್ಲ ಅಂತ ಒಗಿಬ್ಯಾಡ್ರಿ, ಆರಾಮ ಆತು ಅಂತ ನೀವ ನಿಲ್ಲಸಬ್ಯಾಡ್ರಿ, ರೂಮ್‌ಮೇಟ್ ಗುಳಿಗಿ ಅಂತೂ ಮುಟ್ಟಬ್ಯಾಡ್ರಿ.

ಮನಿಗೆ ಹೇಳ್ತಾರೇನು? ಎಲ್ಲಾರೂ ಕೇಳೋ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸಾ ಸುದ್ದಿ ಗುಟ್ಟಾಗಿ ಇಡಬೇಕು. ಆದ್ರ ನಿಮ್ಮ ಜೀವಕ್ಕ ಇಲ್ಲಾ ಇನ್ನೊಬ್ಬರ ಜೀವಕ್ಕ ಅಪಾಯ ಇದ್ರ ಹೇಳಬೇಕಾದವ್ರಿಗೆ ಹೇಳ್ತಾರ, ಹದಿನೆಂಟು ತುಂಬದ ಪಿಯು ಹುಡುಗ್ರಿಗೆ ಪಾಲಕರೂ ಬೇಕಾಗ್ತಾರ. ಇದು ಆಸ್ಪತ್ರಿ ಮಾತು. ಕಾಲೇಜಿನ ಮೆಂಟರ್‌ಗೆ ಹೇಳೋ ಮುಂಚೆ "ಸರ್ ಇದು ನಿಮ್ಮಲ್ಲೇ ಇರ್ಲಿ, ಸ್ಟಾಫ್‌ರೂಮಿಗೆ ಹೋಗೂದು ಬ್ಯಾಡ" ಅಂತ ಬಾಯಿಬಿಟ್ಟು ಹೇಳ್ರಿ.

ದೋಸ್ತ್ ಯಾರರ "ನಾ ಇದ್ದರೇನು ಬಿಟ್ಟರೇನು" ಅನ್ನೂದು, ತನ್ನ ಸಾಮಾನು ಹಂಚೂದು, ಒಮ್ಮಿಂದೊಮ್ಮೆ ಗ್ರೂಪ್ ಬಿಡೂದು ಮಾಡಿದ್ರ ಚಾಷ್ಟಿ ಅನ್ಕೋಬ್ಯಾಡ್ರಿ. ಸಾಯೂ ವಿಚಾರ ಬರಾಕತ್ತೈತೇನೋ ಅಂತ ನೇರ ಕೇಳ್ರಿ, ಕೇಳಿದ್ರ ಆ ವಿಚಾರ ತಲಿಗೆ ಹೊಕ್ಕೊಂಡ್ ಬಿಡ್ತೈತಿ ಅನ್ನೂದು ಸುಳ್ಳು. ಹೂಂ ಅಂದ್ರ ಒಬ್ಬನ್ನ ಬಿಡಬ್ಯಾಡ್ರಿ, ವಾರ್ಡನ್ ಎಬ್ಬಸ್ರಿ, 112ಕ್ಕ ಇಲ್ಲಾ 108ಕ್ಕ ಹಚ್ಚ್ರಿ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರೂ ಆ ಆಣಿ ಮುರೀರಿ.

ಎಲ್ಲಾ ಬ್ಯಾಸರಾನೂ ಕೌನ್ಸೆಲರ್ ಹತ್ರ ಕರಗಂಗಿಲ್ಲ, ಇದು ನನ್ನ ಅಭಿಪ್ರಾಯ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಬರದ ಫೀ ಕಟ್ಟಾಕ ಆಗದ ನಿದ್ದಿ ಕೆಟ್ಟೋನಿಗೆ ಉಸಿರು ಎಳ್ಕೋ ಬಿಡು ಅಂದ್ರ ಏನ್ ಉಪಯೋಗ, ಅವನ್ನ ಆಫೀಸ್ ಸೂಪರಿಂಟೆಂಡೆಂಟ್ ಹತ್ರ ಕರ್ಕೊಂಡು ಹೋಗಿ ಕಂತಿನ್ಯಾಗ ಕಟ್ಟಾಕ ಕೇಳಬೇಕು. ರ‍್ಯಾಗಿಂಗ್ ಇದ್ರ ಯುಜಿಸಿ ಹೆಲ್ಪ್‌ಲೈನ್ 1800-180-5522. ಯಾವನರ ಮೈಮ್ಯಾಲ ಬರೂದು, ಹೊಲಸ ಮೆಸೇಜ್ ಕಳಸೂದು ಮಾಡಿದ್ರ ಕಾಲೇಜಿನ ಆಂತರಿಕ ದೂರು ಸಮಿತಿಗೆ ಮೂರು ತಿಂಗಳ ಒಳಗ ಬರದು ಕೊಡ್ರಿ, ಸ್ಕ್ರೀನ್‌ಶಾಟ್ ಡಿಲೀಟ್ ಮಾಡಬ್ಯಾಡ್ರಿ.

ಮೊದ್ಲ ಸಲ ಸಿಕ್ಕ ಕೌನ್ಸೆಲರ್ ಮನಸ್ಸಿಗೆ ಹಿಡಿಸ್ಲಿಲ್ಲ ಅಂದ್ರ ಬ್ಯಾರೆಯವ್ರನ್ನ ನೋಡ್ರಿ, ನನಗ ಹೊಂದಿಕಿ ಆಗಿದ್ದು ಎರಡನೇ ಮೇಡಂ ಜೋಡಿ. ಸಿವಿಲ್‌ಗೆ ಹೋಗೋರು ಮುಂಜಾನೆ ಲಗೂನ ಹೋಗ್ರಿ, ಆಧಾರ್ ಕಾರ್ಡ್, ಹಳೆ ಚೀಟಿ ಇದ್ರ ಅದು, ನೀರಿನ ಬಾಟ್ಲಿ ತಗೊಂಡು. ಒಬ್ಬರ ಹೋಗಾಕ ಅಂಜಿಕಿ ಅಂದ್ರ ದೋಸ್ತ್‌ನ್ನ ಕರ್ಕೊಂಡು ಹೋಗ್ರಿ, ಹೊರಗ ಬೆಂಚಿನ ಮ್ಯಾಲ ಕುಂತಿರ್ತಾನ, ಬರೋವಾಗ ಅವಂಗೊಂದು ಚಾ ಕುಡಸ್ರಿ.