ಒಂದೇ ತೋಟ, ಹತ್ತು ಹಾವು: ಯಾವುದರ ಪಾಲು ಎಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ?

ಮಲೆನಾಡಿನ ಅಡಿಕೆ ತೋಟವೊಂದನ್ನು ಅದಕ್ಕೆ ತಾಗಿದ ಬೇಣ (ಹುಲ್ಲುಗಾವಲು), ಹಳ್ಳ, ಕೊಟ್ಟಿಗೆಗಳೊಡನೆ ಲೆಕ್ಕಕ್ಕೆ ತೆಗೆದುಕೊಂಡರೆ ಹತ್ತಕ್ಕೂ ಹೆಚ್ಚು ಜಾತಿಯ ಹಾವುಗಳು ಅಲ್ಲಿರಬಹುದು. ಎಲ್ಲವೂ ಮಾಂಸಾಹಾರಿಗಳೇ. ಎಲ್ಲವೂ ಬೇಟೆಯನ್ನು ಅಗಿಯದೆ ಇಡಿಯಾಗಿ ನುಂಗುತ್ತವೆ. ಹಾಗಿದ್ದೂ ಅವು ಒಟ್ಟಿಗೆ ಬದುಕುವುದು ಹೇಗೆ? ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಮೊದಲು ಬೇರೆಯಾಗುವುದು ಜಾಗ, ಆಮೇಲೆ ಆಹಾರ. ಹಾವುಗಳಲ್ಲಿ ಮಾತ್ರ ಬಹುಪಾಲು ಆಹಾರವೇ ಮೊದಲು ಎಂದು ಜೀವವಿಜ್ಞಾನಿ ಕ್ಯಾಥರೀನ್ ಟಾಫ್ಟ್ 1985ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೋರಿಸಿದರು. ನಿಮ್ಮ ತೋಟದಲ್ಲಿ ಇದು ಹೇಗಿದೆ ಎಂದು ಒಂದೂ ಹಾವನ್ನು ಮುಟ್ಟದೆ ತಿಳಿಯಬಹುದು. ಬೇಕಾದದ್ದು ಒಂದು ವರ್ಷದ ತಾಳ್ಮೆ, ನೋಟ್‌ಬುಕ್, ಬಿಳಿ ಬೆಳಕಿನ ಟಾರ್ಚ್, ಮೊಣಕಾಲುದ್ದದ ಗಂಬೂಟು, ದೂರದಿಂದ ಫೋಟೊ ತೆಗೆಯಬಲ್ಲ ಕ್ಯಾಮೆರಾ.

ಮೊದಲು ಜಾಗವನ್ನು ಭಾಗ ಮಾಡಿ

ತೋಟದ ನಕ್ಷೆ ಬರೆದು ಆರು ಭಾಗ ಗುರುತಿಸಿ: ಮಣ್ಣಿನೊಳಗೆ, ದರಕಿನ (ಉದುರಿದ ಒಣ ಎಲೆಗಳ) ಅಡಿ, ಬಯಲು ನೆಲ, ಕಾದಿಗೆ (ತೋಟದ ಬಸಿಗಾಲುವೆ) ಮತ್ತು ಹಳ್ಳ, ಎರಡು ಮೀಟರ್‌ವರೆಗಿನ ಪೊದೆ ಮತ್ತು ಮೆಣಸಿನ ಬಳ್ಳಿ, ಅದಕ್ಕೂ ಮೇಲಿನ ಮರ. ಮನೆ, ಕೊಟ್ಟಿಗೆ, ಸೌದೆ ರಾಶಿಗಳನ್ನು ಏಳನೆಯದಾಗಿ ಬರೆದುಕೊಳ್ಳಿ. ಅಲ್ಲಿಯ ಲೆಕ್ಕವೇ ಬೇರೆ.

ಮಣ್ಣಿನೊಳಗಿನ ಪಾಲು ಕಣ್ಣಿಗೆ ಬೀಳುವುದು ಅಪರೂಪ. ಎರೆಹುಳುವಿನಂತೆ ಕಾಣುವ ಹುಳಹಾವು ಇರುವೆ, ಗೆದ್ದಲುಗಳ ಮರಿ ಮೊಟ್ಟೆಗಳನ್ನು ತಿನ್ನುತ್ತದೆ. ಬಾಲದ ತುದಿ ಗುರಾಣಿಯಂತಿರುವ ಶೀಲ್ಡ್‌ಟೇಲ್ ಹಾವುಗಳ ಮುಖ್ಯ ಆಹಾರ ಎರೆಹುಳು. ಇವೆರಡೂ ಮೇಲೆ ಓಡಾಡುವ ಯಾವ ದೊಡ್ಡ ಹಾವಿನ ಅನ್ನಕ್ಕೂ ಕೈಹಾಕುವುದಿಲ್ಲ. ಇವನ್ನು ಹುಡುಕಲೆಂದು ನೆಲ ಅಗೆಯಬೇಡಿ. ಗೊಬ್ಬರ ಹಾಕುವಾಗ, ಕಾದಿಗೆ ಕೆತ್ತುವಾಗ ಸಿಕ್ಕಿದ್ದನ್ನು ಬರೆದುಕೊಂಡು ಮಣ್ಣು ಮುಚ್ಚಿದರೆ ಸಾಕು.

ಹೊತ್ತು ಗೊತ್ತು ಮಾಡಿಕೊಳ್ಳಿ

ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ, ದಿನಕ್ಕೆ ಮೂರು ಸುತ್ತು: ಬೆಳಿಗ್ಗೆ ಏಳೂವರೆಯಿಂದ ಒಂದು ಗಂಟೆ, ಸಂಜೆ ಕತ್ತಲಾಗುವ ಮುನ್ನ ಒಂದು ಗಂಟೆ, ರಾತ್ರಿ ಎಂಟರಿಂದ ಒಂದು ಗಂಟೆ. ತಿಂಗಳಿಗೆ ಇಂಥ ನಾಲ್ಕು ದಿನ ಸಾಕು. ರಾತ್ರಿ ಒಬ್ಬರೇ ಹೋಗಬೇಡಿ. ಮೂರು ಹೊತ್ತಿಗೂ ಸಮನಾದ ಸಮಯ ಕೊಡುವುದು ಇಡೀ ಕೆಲಸದ ಜೀವಾಳ. ಹಗಲು ತೋಟದಲ್ಲೇ ಇರುವವರ ಕಣ್ಣಿಗೆ ಕೇರೆ ದಿನಾ ಬೀಳುತ್ತದೆ, ರಾತ್ರಿ ಹೊರಡುವ ಕಟ್ಟಹಾವು ವರ್ಷಗಟ್ಟಲೆ ಬೀಳುವುದೇ ಇಲ್ಲ. ಅಂದಮಾತ್ರಕ್ಕೆ ಕೇರೆ ಹೆಚ್ಚು, ಕಟ್ಟಹಾವು ಕಡಿಮೆ ಎಂದಲ್ಲ.

ಕಂಡ ಪ್ರತಿ ಹಾವಿಗೂ ಜಾತಿ, ಗಂಟೆ, ನೆಲದಿಂದ ಎಷ್ಟು ಎತ್ತರ, ಅಂದಾಜು ಉದ್ದ, ಮಳೆ ಬಂದಿತ್ತೇ ಎಂಬುದನ್ನು ಬರೆಯಿರಿ. ಜತೆಗೆ ಹರಿದಾಡುತ್ತಿತ್ತೇ, ಹೊಂಚು ಹಾಕಿತ್ತೇ, ಸುಮ್ಮನೆ ಮಲಗಿತ್ತೇ ಎಂದೂ ಬರೆಯಬೇಕು. ಈ ಕೊನೆಯದನ್ನೇ ಹೆಚ್ಚಿನವರು ಬಿಡುತ್ತಾರೆ. ಹಗಲು ಅಡಿಕೆ ಹಾಳೆಯ ರಾಶಿಯಡಿ ಸುತ್ತಿಕೊಂಡ ಕೊಳಕುಮಂಡಲದ ಮಲಗುವ ಜಾಗ ಅದು. ಅದು ಇಲಿಗೆ ಹೊಂಚು ಹಾಕುವುದು ರಾತ್ರಿ, ಬೇಣದ ಅಂಚಿನಲ್ಲೋ ಗದ್ದೆಯ ಬದುವಿನಲ್ಲೋ. ಮಲಗುವ ಜಾಗವನ್ನೇ ಬೇಟೆಯ ಜಾಗವೆಂದು ಬರೆದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಜಾತಿ ತಿಳಿಯದಿದ್ದರೆ ಫೋಟೊ ಇಟ್ಟುಕೊಂಡು ಖಾಲಿ ಬಿಡಿ, ಊಹಿಸಬೇಡಿ. ಕಟ್ಟಹಾವು, ತೋಳಹಾವುಗಳ ಗೊಂದಲ ಬಹಳ. ತೋಳಹಾವಿನ ಬಿಳಿ ಪಟ್ಟೆ ಕುತ್ತಿಗೆಯ ಬಳಿ ದಟ್ಟವಾಗಿದ್ದು ಬಾಲದತ್ತ ಮಾಸುತ್ತದೆ. ಕಟ್ಟಹಾವಿನದು ತಲೆಯ ಕಡೆ ಮಸುಕು, ಬಾಲದ ಕಡೆ ಸ್ಪಷ್ಟ. ಆದರೆ ಇದನ್ನು ನಂಬಿ ಯಾವುದನ್ನೂ ಕೈಯಲ್ಲಿ ಹಿಡಿಯಬಾರದು. ಇವೆರಡರ ಸಂಬಂಧವೂ ಕುತೂಹಲದ್ದು. ಎರಡೂ ರಾತ್ರಿ ಸಂಚಾರಿಗಳು, ಎರಡೂ ಮನೆಯ ಸುತ್ತ ಸುಳಿಯುತ್ತವೆ. ತೋಳಹಾವು ಗೋಡೆ ಹತ್ತಿ ಹಲ್ಲಿ ಹಿಡಿಯುತ್ತದೆ. ನೆಲದ ಮೇಲಿನ ಕಟ್ಟಹಾವು ಇಲಿಯ ಜತೆಗೆ ಬೇರೆ ಹಾವುಗಳನ್ನೂ, ತೋಳಹಾವನ್ನೂ ತಿನ್ನುತ್ತದೆ.

ಆಹಾರವನ್ನು ದೂರದಿಂದಲೇ ತಿಳಿಯಿರಿ

ನುಂಗುತ್ತಿರುವ ಹಾವು ಕಂಡರೆ ಕನಿಷ್ಠ ಐದು ಮೀಟರ್ ದೂರ ನಿಂತು ಫೋಟೊ ತೆಗೆಯಿರಿ. ಹತ್ತಿರ ಹೋದರೆ ಅದು ಬೇಟೆಯನ್ನು ಕಕ್ಕಿ ಓಡುತ್ತದೆ: ಹಾವಿನ ಊಟ ಹಾಳು, ನಿಮ್ಮ ದಾಖಲೆಯೂ ಅರ್ಧ. ಹೊಟ್ಟೆ ಉಬ್ಬಿದೆ ಎಂದು ಒತ್ತಿ ನೋಡುವುದಂತೂ ಕೂಡದು. ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ.

ಇದರ ಜತೆ ಬೇಟೆಯ ಲೆಕ್ಕವನ್ನೂ ಇಡಬೇಕು. ಅದೇ ದಾರಿಯಲ್ಲಿ ಕಂಡ ಓತಿಕ್ಯಾತ, ಹಾವುರಾಣಿ, ಕಪ್ಪೆ, ಹೊಸ ಇಲಿಬಿಲಗಳನ್ನು ಎಣಿಸಿ. ಮಳೆಗಾಲದಲ್ಲಿ ಕಪ್ಪೆ ಯಥೇಚ್ಛವಾದಾಗ ನೀರೊಳ್ಳೆ, ಕೇರೆ, ನಾಗರ, ಗುಳಿಮಂಡಲ ಎಲ್ಲವೂ ಕಪ್ಪೆಯನ್ನೇ ತಿನ್ನುವುದು ಕಾಣಬಹುದು. ಆಗ ಹಂಚಿಕೆಯೇ ಇಲ್ಲ ಎನ್ನಿಸುತ್ತದೆ. ಬೇಟೆ ವಿರಳವಾಗುವ ಬೇಸಿಗೆಯ ದಾಖಲೆಯಿಲ್ಲದೆ ತೀರ್ಮಾನ ಬೇಡ.

ಮರಿಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ನುಂಗುವ ಗಾತ್ರವನ್ನು ತೀರ್ಮಾನಿಸುವುದು ಬಾಯಿಯ ಅಗಲ. ಇಲಿ ತಿನ್ನುವ ಕೊಳಕುಮಂಡಲದ ಮರಿ ಹಲ್ಲಿ, ಹಾವುರಾಣಿಗಳಿಂದ ಬದುಕು ಶುರುಮಾಡುತ್ತದೆ. ಉಬ್ಬುಮೂಗಿನ ಗುಳಿಮಂಡಲದ ಮರಿಯಂತೂ ದರಕಿನಲ್ಲಿ ಕುಳಿತು ಬಾಲದ ತುದಿಯನ್ನು ಹುಳುವಿನಂತೆ ಆಡಿಸಿ ಬೇಟೆಯನ್ನು ಹತ್ತಿರ ಕರೆಯುತ್ತದೆ. ಆಹಾರದ ಮಟ್ಟಿಗೆ ಮರಿ ಇನ್ನೊಂದೇ ಜಾತಿಯಂತೆ. ಈ ಪುಟ್ಟ ಗುಳಿಮಂಡಲದ ಬಗ್ಗೆ ಒಂದು ಎಚ್ಚರಿಕೆ: ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ತಯಾರಾದದ್ದು, ಇದರ ವಿಷಕ್ಕಲ್ಲ. ದರಕು ಕೆದಕುವಾಗ ಬರಿಗೈ ಬೇಡ. ಕಚ್ಚಿದ್ದು ಯಾವ ಹಾವೇ ಆಗಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಲೆಕ್ಕ

ಎರಡು ಜಾತಿಗಳ ಪಾಲು ಎಷ್ಟು ಒಂದರ ಮೇಲೊಂದು ಬೀಳುತ್ತದೆ ಎಂದು ತಿಳಿಯಲು ಸುಲಭ ದಾರಿಯಿದೆ. ಪ್ರತಿ ಜಾತಿಯ ದಾಖಲೆಯನ್ನು ಶೇಕಡಾವಾರು ಹಂಚಿ, ಪ್ರತಿ ವಿಭಾಗದಲ್ಲಿ ಚಿಕ್ಕ ಸಂಖ್ಯೆಯನ್ನು ಆರಿಸಿ ಕೂಡಿಸಿ. ಹಸಿರುಹಾವು ಶೇ 10 ನೆಲದಲ್ಲಿ, 70 ಪೊದೆಯಲ್ಲಿ, 20 ಮರದಲ್ಲಿ ಕಂಡಿತು. ಬೆಕ್ಕಿನ ಹಾವು ಕ್ರಮವಾಗಿ 20, 60, 20 ಎಂದಿಟ್ಟುಕೊಳ್ಳಿ. ಚಿಕ್ಕವನ್ನು ಕೂಡಿದರೆ 10+60+20, ಅಂದರೆ ಶೇ 90 ಒಂದೇ ಜಾಗ. ಇನ್ನು ಚಟುವಟಿಕೆಯ ಹೊತ್ತು: ಹಸಿರುಹಾವು ಹಗಲು 95, ರಾತ್ರಿ 5; ಬೆಕ್ಕಿನ ಹಾವು ಅದಕ್ಕೆ ಪೂರ್ತಿ ತಿರುವುಮುರುವು. ಕೂಡಿದರೆ ಶೇ 10. ಮಲಗಿದ್ದ ಹಾವುಗಳನ್ನು ಹೊತ್ತಿನ ಲೆಕ್ಕದಿಂದ ಬಿಡಿ. ಒಂದು ಜಾತಿಯ ದಾಖಲೆ ಹದಿನೈದಕ್ಕಿಂತ ಕಡಿಮೆಯಿದ್ದರೆ ಶೇಕಡಾ ಹಾಕಲೇಬೇಡಿ. ಒಂದೇ ಒಂದು ಹಾವು ಉತ್ತರವನ್ನು ಬದಲಿಸಿಬಿಡುತ್ತದೆ.

ಅಂಕಿ ಬಂದಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ನಿಜವಾದ ತಿಳಿವಳಿಕೆ ಶುರುವಾಗುವುದೇ ಅಲ್ಲಿ. ಹಸಿರುಹಾವು ಹಗಲು ಓತಿಕ್ಯಾತವನ್ನು ಹಿಡಿಯುತ್ತದೆ. ಅದೇ ಓತಿಕ್ಯಾತ ರಾತ್ರಿ ರೆಂಬೆಯ ತುದಿಯಲ್ಲಿ ಮಲಗಿದ್ದಾಗ ಬೆಕ್ಕಿನ ಹಾವು ಹಿಡಿಯುತ್ತದೆ. ಹೊತ್ತು ಬೇರೆಯಾದದ್ದರಿಂದ ಎರಡು ಹಾವುಗಳು ಮುಖಾಮುಖಿಯಾಗುವುದು ತಪ್ಪಿತು, ನಿಜ. ಆದರೆ ಹಗಲು ಹೊಟ್ಟೆ ಸೇರಿದ ಓತಿ ರಾತ್ರಿಗೆ ಸಿಗುವುದಿಲ್ಲ. ಹೊತ್ತಿನ ಅಂತರ ಊಟದ ಪೈಪೋಟಿಯನ್ನು ತಾನಾಗಿ ಅಳಿಸುವುದಿಲ್ಲ. ಆದ್ದರಿಂದ ಎರಡೂ ಯಾವ ಗಾತ್ರದ ಓತಿಯನ್ನು ಹಿಡಿಯುತ್ತವೆ, ಓತಿಯಲ್ಲದೆ ಇನ್ನೇನು ತಿನ್ನುತ್ತವೆ ಎಂದು ನೋಡಬೇಕು. ತಣ್ಣನೆ ರಕ್ತದ ಹಾವಿಗೆ ದಿನಾ ಊಟ ಬೇಕಿಲ್ಲ, ಒಂದು ದೊಡ್ಡ ಬೇಟೆಯ ಮೇಲೆ ಹಲವು ದಿನ ಕಳೆಯುತ್ತದೆ ಎಂಬುದನ್ನೂ ಮರೆಯಬೇಡಿ. ಓತಿಗಳು ಸಾಕಷ್ಟಿದ್ದರೆ ಪೈಪೋಟಿಯೇ ಇಲ್ಲದಿರಬಹುದು.

ಹಾಗೆಯೇ, ವ್ಯತ್ಯಾಸ ಕಂಡ ಕೂಡಲೇ ಪೈಪೋಟಿಯೇ ಅದಕ್ಕೆ ಕಾರಣ ಎನ್ನುವಂತಿಲ್ಲ. ಗುಳಿಮಂಡಲಗಳು ಕಣ್ಣು ಮತ್ತು ಮೂಗಿನ ನಡುವಿನ ಗುಳಿಯಿಂದ ಬಿಸಿಯನ್ನು ಗ್ರಹಿಸಿ ಕತ್ತಲಲ್ಲಿ ಹೊಡೆಯುತ್ತವೆ. ಆ ಗುಣ ಪೂರ್ವಜರಿಂದ ಬಂದದ್ದು, ನಿಮ್ಮ ತೋಟದ ಹಸಿರುಹಾವಿಗೆ ಹೆದರಿ ಕಲಿತದ್ದಲ್ಲ. ಪೈಪೋಟಿ ಇದೆ ಎನ್ನಲು ಒಂದು ಜಾತಿ ಇಲ್ಲದ ಜಾಗದಲ್ಲಿ ಇನ್ನೊಂದು ತನ್ನ ಪಾಲನ್ನು ಹಿಗ್ಗಿಸಿಕೊಳ್ಳುತ್ತದೆಯೇ ಎಂದು ಹೋಲಿಸಬೇಕು. ಪಕ್ಕದ ತೋಟದವರೂ ಇದೇ ಕ್ರಮದಲ್ಲಿ ದಾಖಲಿಸಿದರೆ ಮಾತ್ರ ಅದು ಸಾಧ್ಯ.

ಪಟ್ಟಿಯಲ್ಲಿ ಕಾಳಿಂಗಕ್ಕೆ ಬೇರೆಯೇ ಸಾಲು ಬೇಕು. ಅದರ ಊಟ ಪಟ್ಟಿಯ ಉಳಿದ ಸಾಲುಗಳೇ: ಕೇರೆ, ನಾಗರ, ಗುಳಿಮಂಡಲ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಜಾತಿಯೆಂದು ಗುರುತಿಸಿ, ಅದರ ವೈಜ್ಞಾನಿಕ ಹೆಸರಿನಲ್ಲೂ ಕಾಳಿಂಗ ಎಂದೇ ಇಟ್ಟಿದ್ದಾರೆ. ಅದು ತೋಟಕ್ಕೆ ಬಂದ ವಾರದಲ್ಲಿ ಕೇರೆ ಕಾಣದಿದ್ದರೆ ಕೇರೆಯ ಸಾಲಿನಲ್ಲಿ ಸೊನ್ನೆ ಬರೆದು, ಪಕ್ಕದಲ್ಲಿ ಕಾಳಿಂಗ ಕಂಡ ದಿನಾಂಕವನ್ನೂ ಬರೆಯಿರಿ. ಕಾಳಿಂಗ ಮನೆಯೊಳಗೆ ಸೇರಿಕೊಂಡರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ತೋಟದಲ್ಲೇ ಇದ್ದರೆ ಅದರ ಪಾಡಿಗೆ ಬಿಟ್ಟು ಆ ದಿನದ ಸುತ್ತನ್ನು ಅಲ್ಲಿಗೇ ನಿಲ್ಲಿಸಿ.